ಮೊಮ್ಮಗಳ ಬುದ್ಧಿಹಲ್ಲು

ಚಂದ್ರಾ ಲೇಔಟ್
ಮಂಗಳವಾರ

ಮುನಿವೆಂಕಟಪ್ಪನವರಿಗೆ,

ನಿಮ್ಮ ಮೊಮ್ಮಗಳು ಸ್ಪಂದನಳಿಗೆ ಹದಿನೆಂಟು ತುಂಬಿದೆ ಎಂದು ನಾನು ಬರೆದುಕೊಡುವುದಿಲ್ಲ. ಎಷ್ಟು ಸಲ ಹೇಳಿದರೂ ನೀವು ಮತ್ತೆ ಹಲಸಿನ ಹಣ್ಣು ಕಳಿಸುತ್ತೀರಿ. ದಯವಿಟ್ಟು ಇನ್ನು ಸಾಕು. ಕ್ಲಿನಿಕ್ಕಿನ ತುಂಬ ಅದರದೇ ವಾಸನೆ.

ಬುದ್ಧಿಹಲ್ಲು ನೋಡಿ ಹುಟ್ಟಿದ ತಾರೀಖು ಹೇಳಲಾಗದು, ವಯಸ್ಸಿನ ಅಂದಾಜು ಸಿಗುತ್ತದೆ. ಎಕ್ಸ್‌ರೇಯಲ್ಲಿ ಅವಳ ಹಲ್ಲಿನ ಬೇರು ಇನ್ನೂ ಅರ್ಧವೂ ಬೆಳೆದಿಲ್ಲ. ಹದಿನಾರರ ಆಸುಪಾಸು ಇರಬೇಕು. ಶಾಲೆಯ ದಾಖಲೆಯೂ ಅದನ್ನೇ ಹೇಳುತ್ತದೆ.

"ಮುಂದೆ ಸರ್ಕಾರಿ ಕೆಲ್ಸ ಸಿಕ್ಕಿದ್ರೆ ಎರಡು ವರ್ಷ ಜಾಸ್ತಿ ಸರ್ವೀಸ್ ಇರ್ಲಿ ಅಂತ ಸ್ಕೂಲಲ್ಲಿ ನಾವೇ ವಯಸ್ಸು ಕಮ್ಮಿ ಬರೆಸಿದ್ವಿ ಕಣಮ್ಮ" ಎನ್ನುತ್ತೀರಿ. ಮೇಷ್ಟ್ರು ನೀವು ಹೇಳಿದ್ದನ್ನು ಬರೆದುಕೊಂಡಿರಬಹುದು ಸ್ವಾಮಿ, ಹಲ್ಲು ಯಾರನ್ನೂ ಕೇಳಿಕೊಂಡು ಬೆಳೆಯುವುದಿಲ್ಲ. "ಆ ಕಡೆ ಹಲ್ಲು ನೋಡಿ, ಅದು ಬೆಳ್ದಿರತ್ತೆ" ಎಂದಿರಿ. ನೋಡಿದೆ. ಅದೂ ಹಾಗೆಯೇ ಇದೆ.

ಮದುವೆ ಇಲ್ಲವೆಂದು ಛತ್ರದವರಿಗೆ ಇವತ್ತೇ ತಿಳಿಸಿ. ಮಕ್ಕಳ ಸಹಾಯವಾಣಿಗೆ ನಾನು ಆಗಲೇ ಫೋನ್ ಮಾಡಿದ್ದೇನೆ. ಅವರು ಮನೆಗೆ ಬಂದಾಗ ನಿಮ್ಮ ಸಿಟ್ಟನ್ನು ನನ್ನ ಮೇಲೆ ತೀರಿಸಿಕೊಳ್ಳಿ, ಹುಡುಗಿಯ ಮೇಲೆ ಬೇಡ. ಅವಳು ನಿಮ್ಮ ಮೇಲೆ ಒಂದು ದೂರನ್ನೂ ಹೇಳಲಿಲ್ಲ.

ನೀವು ಕಾರು ತೆಗೆಯಲು ಹೊರಗೆ ಹೋದಾಗ ಅವಳು ನನ್ನನ್ನು ಕೇಳಿದ್ದು ಇಷ್ಟೇ: "ಡಾಕ್ಟ್ರೇ, ಈ ಹಲ್ಲು ಬೆಳೀದೇ ಇರೋ ಹಾಗೆ ಮಾತ್ರೆ ಏನಾದ್ರೂ ಇದ್ಯಾ?"

ಇಂತಿ,
ಡಾ. ವತ್ಸಲಾ