ಬ್ಯಾಕ್ಟೀರಿಯಾ ಸಿಗದ ತಪ್ಪಿಗೆ ಹಾಲ್ ಟಿಕೆಟ್ ಇಲ್ಲ

ಮಾನ್ಯ ಪರೀಕ್ಷಾ ನಿಯಂತ್ರಕರೇ,

ನನ್ನ ಬೆನ್ನಿನಿಂದ ತೆಗೆದ ದ್ರವದಲ್ಲಿ ಬ್ಯಾಕ್ಟೀರಿಯಾ ಸಿಗದೇ ಹೋದದ್ದಕ್ಕೆ ಮೊದಲು ಕ್ಷಮೆ ಕೇಳುತ್ತೇನೆ. ಸಿಕ್ಕಿದ್ದರೆ ತಮ್ಮ ಕಚೇರಿ ನನ್ನನ್ನು ರೋಗಿ ಎಂದು ಒಪ್ಪುತ್ತಿತ್ತು, ಹಾಜರಾತಿಯ ಕೊರತೆ ಮನ್ನಾ ಆಗುತ್ತಿತ್ತು. ಈಗ ಹಾಲ್ ಟಿಕೆಟ್ ಇಲ್ಲ. ಮೊದಲ ವರ್ಷವನ್ನೇ ಮತ್ತೊಮ್ಮೆ ಓದಬೇಕಂತೆ.

ಹಾಸ್ಟೆಲಿನ ರೂಮಿನಲ್ಲಿ ಟ್ಯೂಬ್‌ಲೈಟ್ ಹಾಕಿದರೆ ಕಣ್ಣಿಗೆ ಸೂಜಿ ಚುಚ್ಚಿದಂತಾಗುತ್ತಿತ್ತು. ಜ್ವರ, ವಾಂತಿ, ಸಿಡಿಯುವ ತಲೆ. ಎಕ್ಸಾಮ್ ಟೆನ್ಶನ್ ಎಂದುಕೊಂಡೆ. ನನಗೆ ಮಾಮೂಲಿ ಟೆಸ್ಟ್ ಇದ್ದರೂ ಹೊಟ್ಟೆ ಕೆಡುತ್ತದೆ. ಕಾಮರ್ಸ್ ಓದುವ ರೂಮ್‌ಮೇಟ್, ಎಲ್ಲರಿಗೂ ಮಾತ್ರೆ ಹಂಚುವುದರಿಂದ ಡಾಕ್ಟ್ರಮ್ಮ ಎನಿಸಿಕೊಂಡವಳು, "ಲೇ, ಗದ್ದ ಎದೆಗೆ ಮುಟ್ಸು ನೋಡೋಣ" ಎಂದಳು. ಮುಟ್ಟಲಿಲ್ಲ. "ಟೆನ್ಶನ್‌ಗೆ ಕತ್ತು ಹೀಗೆ ಸೆಟ್ಕೊಳ್ಳಲ್ಲ ಕಣೇ, ನಡಿ" ಎಂದು ಆಟೋ ಹತ್ತಿಸಿದಳು.

ಆಸ್ಪತ್ರೆಯಲ್ಲಿ ಬೆನ್ನಿನಿಂದ ದ್ರವ ತೆಗೆದು, ಅದರ ರಿಪೋರ್ಟ್ ಬರುವ ಮೊದಲೇ ಆಂಟಿಬಯಾಟಿಕ್ ಶುರುಮಾಡಿದರು. ಬ್ಯಾಕ್ಟೀರಿಯಾದ್ದಾದರೆ ಕಾಯುತ್ತ ಕೂರುವುದೇ ಅಪಾಯವಂತೆ. ಊರಿನಿಂದ ಓಡಿಬಂದ ಅಮ್ಮ ಏನೂ ತಿನ್ನದೆ ಬಾಗಿಲು ಕಾಯುತ್ತಿದ್ದಳು. ಕೊನೆಗೆ ಡಾಕ್ಟರು ಬಂದು, "ಬ್ಯಾಕ್ಟೀರಿಯಾ ಬೆಳೆದಿಲ್ಲಮ್ಮ. ಮೆದುಳಿನ ಪೊರೆ ಊದ್ಕೊಂಡಿದೆ, ವೈರಸ್ ಇರಬೇಕು. ಈ ತರದ್ದು ಸಾಮಾನ್ಯವಾಗಿ ರೆಸ್ಟ್ ಮಾಡಿದ್ರೆ ವಾಸಿಯಾಗುತ್ತೆ" ಎಂದರು. ಅಲ್ಲಿಯವರೆಗೆ ಗಟ್ಟಿಯಾಗಿದ್ದ ಅಮ್ಮ ಆಗ ಮುಖ ಮುಚ್ಚಿಕೊಂಡು ಅತ್ತಳು.

ಅಮ್ಮನನ್ನು ಅಳಿಸಿದ ಆ ಮಾತನ್ನೇ ರಿಪೋರ್ಟಿನಲ್ಲಿ ತಮ್ಮ ಗುಮಾಸ್ತರು ಕನ್ನಡಕ ಏರಿಸಿ ಓದಿದರು.

"ಏನೂ ಬೆಳೆದಿಲ್ಲ ಅಂತ ಅವರೇ ಬರ್ದಿದಾರಲ್ಲಮ್ಮ. ಏನೂ ಇಲ್ಲದ್ದಕ್ಕೆ ರಜೆ ಹೇಗೆ ಕೊಡೋದು?"

"ಸರ್, ಬ್ಯಾಕ್ಟೀರಿಯಾ ಇಲ್ಲ ಅಷ್ಟೇ. ಕಾಯಿಲೆ ಇತ್ತು."

"ರೋಗಾಣು ಖಚಿತ ಆಗಿರಬೇಕು ಅಂತ ರೂಲ್ ಇದೆ. ನಿಂದ್ರಲ್ಲಿ ವೈರಸ್ ಇರಬೇಕು, ಇರಬಹುದು ಅಂತಿದೆ. ಇರಬಹುದು ಅನ್ನೋದಕ್ಕೆ ನಾನು ಸೀಲ್ ಹೊಡೀಲಾ?"

ಮಾನ್ಯರೇ, ಕಳ್ಳ ಸಿಗದಿದ್ದರೆ ಕಳ್ಳತನವೇ ನಡೆದಿಲ್ಲವೆಂದೇ? ಅದೇ ರಿಪೋರ್ಟಿನ ಮೇಲಿನ ಸಾಲಿನಲ್ಲಿ, ರೋಗದೊಡನೆ ಹೋರಾಡುವ ಬಿಳಿ ರಕ್ತಕಣಗಳು ವಿಪರೀತ ಹೆಚ್ಚಿವೆ ಎಂದಿದೆ. ಬೀಗ ಮುರಿದಿದೆ, ಮನೆ ತುಂಬ ಪೊಲೀಸರಿದ್ದಾರೆ, ಆದರೂ ದೂರು ಸುಳ್ಳು. ಬ್ಯಾಕ್ಟೀರಿಯಾ ಸಿಗದ ಇಂಥ ಪೊರೆಯ ಉರಿಯೂತಕ್ಕೆ ಬಹುಪಾಲು ವೈರಸ್ ಕಾರಣ. ಅಪರೂಪಕ್ಕೆ ಯಾವುದೋ ಔಷಧಿ, ಕೆಲವೊಮ್ಮೆ ದೇಹದ ಸ್ವಂತ ರಕ್ಷಣಾಪಡೆಯೇ ತಿರುಗಿಬೀಳುವುದು. ಎಷ್ಟೋ ಸಲ ಯಾವ ವೈರಸ್ ಎಂಬುದು ಕಡೆಗೂ ತಿಳಿಯುವುದಿಲ್ಲ. ಹೆಸರು ಹೇಳದೆ ಬಂದುಹೋದ ನೆಂಟರು ಊಟ ಮಾಡಿರಲಿಲ್ಲ ಎನ್ನಲಾದೀತೇ?

ಇನ್ನೂ ಒಂದು ತಮಾಷೆಯಿದೆ. ತಮ್ಮದೇ ಸಂಸ್ಥೆಯ ವಾರ್ಡನ್ ಮೇಡಂ ನನ್ನನ್ನು ಗೇಟಿನಲ್ಲೇ ತಡೆದರು. "ಮೆದುಳು ಜ್ವರ ಅಂದ್ರೆ ಹುಡುಗಾಟನಾ? ಬೇರೆ ಹುಡುಗೀರಿಗೆ ಹತ್ತಿದ್ರೆ? ತಿಂಗಳು ಬಿಟ್ಟು ಬಾ." ಡಾಕ್ಟರು ಕ್ಲಾಸಿಗೆ ಹೋಗಬಹುದು ಎಂದು ಬರೆದುಕೊಟ್ಟದ್ದನ್ನು ಅವರು ಮುಟ್ಟಲೂ ಇಲ್ಲ. ಅಂದರೆ ಹಾಸ್ಟೆಲಿಗೆ ನಾನು ಊರನ್ನೇ ಮಲಗಿಸಬಲ್ಲ ರೋಗಿ, ತಮಗೆ ಕ್ಲಾಸಿಗೆ ಚಕ್ಕರ್ ಹೊಡೆದ ಆರೋಗ್ಯವಂತೆ. ತಾವಿಬ್ಬರೂ ಒಮ್ಮೆ ಫೋನಿನಲ್ಲಿ ಮಾತಾಡಿಕೊಂಡು ನಾನು ಯಾರೆಂದು ತೀರ್ಮಾನಿಸಬಾರದೇ?

ನನ್ನ ಬೇಡಿಕೆ ಒಂದೇ: ಪರೀಕ್ಷೆಗೆ ಕೂರಲು ಬಿಡಿ. ಆಗುವುದಿಲ್ಲ ಎಂದಾದರೆ ಕಾರಣವನ್ನು ಸಹಿ ಮಾಡಿ ಬರೆದುಕೊಡಿ: "ಈ ವಿದ್ಯಾರ್ಥಿನಿ ವಾಸಿಯಾಗುವಂಥ ಕಾಯಿಲೆ ತಂದುಕೊಂಡಿದ್ದಾಳೆ." ಅಮ್ಮನಿಗೆ ನಾನೇ ಓದಿ ಹೇಳುತ್ತೇನೆ.

ಇಂತಿ,
ಬಿಡುತ್ತೀರೋ ಇಲ್ಲವೋ ತಿಳಿಯದೆ, ಭಯಕ್ಕೆ ಸಿಲಬಸ್ ಪೂರ್ತಿ ಓದಿ ಮುಗಿಸಿರುವ
ಮೊದಲ ವರ್ಷದವಳು