ಕಾರಿಗೆ ನನ್ನ ನಾಲ್ಕು ಎಕರೆ

ಮೇ ೧೮, ೨೦೦೯, ಸೋಮವಾರ

ಬೆಳಿಗ್ಗೆಯಿಂದ ಗೋವಿನಜೋಳದ ಬೀಜದ ಚೀಲ ಇಳಿಸಿದ್ದೇ ಇಳಿಸಿದ್ದು. ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ. ಇವರು ಮಾತ್ರ ಪೇಪರ್ ಬಿಟ್ಟು ಏಳಲಿಲ್ಲ. ಫಾರ್ಮುಲಾ ಒನ್ ರೇಸಿಗೆ ಬರುವ ವರ್ಷ ಹೊಸ ಟೀಮು ತೆಗೆದುಕೊಳ್ಳುತ್ತಾರಂತೆ. ಖರ್ಚಿಗೆ ಮಿತಿ ಹಾಕುತ್ತಾರೆಂದು ಹಳೇ ಟೀಮಿನವರಿಗೆ ಸಿಟ್ಟು. ನಮ್ಮದೇ ಬೇರೆ ರೇಸ್ ಮಾಡುತ್ತೇವೆ ಅನ್ನುತ್ತಿದ್ದಾರಂತೆ. ಥೇಟ್ ನಮ್ಮೂರ ವರ್ತಕರ ಸಂಘ.

"ಕಾರಿನ ಮ್ಯಾಲೆ 'ಮಾಲತೇಶ ಸೀಡ್ಸ್, ರಾಣೆಬೆನ್ನೂರು' ಅಂತ ಬರದ್ರ ಹೆಂಗಿರ್ತೈತಿ?"

"ಮೊದಲ ಅಂಗಡಿ ಬೋರ್ಡಿಗೆ ಬಣ್ಣ ಹಚ್ಚಸ್ರಿ" ಅಂದೆ.

ಸಿಟ್ಟಿಗೆ ಊಟ ಬಿಟ್ಟರು. ಸಂಜೆ ನಾಲ್ಕು ಮಿರ್ಚಿ ಭಜಿ ತಿಂದರು.

ಮೇ ೨೧

ಹುಬ್ಬಳ್ಳಿಯಿಂದ ಒಬ್ಬ ಏಜೆಂಟ್. ವಿಜಯಮಹಾಂತೇಶ. ಟೈ, ಲ್ಯಾಪ್‌ಟಾಪ್. ಇವರು ಸೈಬರ್ ಕೆಫೆಯಿಂದ ಈಮೇಲ್ ಹಾಕಿ ಕರೆಸಿದ್ದಂತೆ! ಲಂಡನ್ನಿನ ಯಾವುದೋ ಹೊಸ ಟೀಮಿಗೆ ಸ್ಪಾನ್ಸರ್ ಹುಡುಕುತ್ತಾನೆ. ಕಾರಿಲ್ಲ, ಡ್ರೈವರಿಲ್ಲ — ಅರ್ಜಿ ಇದೆ. ಸ್ಪಾನ್ಸರ್ ಇದ್ದರೆ ಎಂಟ್ರಿ ಸಿಗುತ್ತದೆ, ಎಂಟ್ರಿ ಇದ್ದರೆ ಸ್ಪಾನ್ಸರ್ ಸಿಗುತ್ತಾರೆ. ಎರಡು ಸಲ ಕೇಳಿದೆ. ಎರಡೂ ಸಲ ಹಾಗೇ ಹೇಳಿದ.

ರೇಟಿನ ಮಾತು ಬಂತು. ಮಾವ ಹೊಳಿಯಪ್ಪನವರು ಹಾವೇರಿ ದನದ ಪೇಟೆಯಲ್ಲಿ ನಲವತ್ತು ವರ್ಷ ದಲಾಲಿ ಮಾಡಿದವರು. ಮಗನಿಗೂ ಅದೇ ಚಾಳಿ, ರೇಟು ಬಾಯಲ್ಲಿ ಹೇಳುವುದಿಲ್ಲ. ಟವೆಲ್ ಕೆಳಗೆ ಕೈ. ಹಿಡಿದ ಬೆರಳೆಷ್ಟೋ ರೇಟು ಅಷ್ಟು. ಏಜೆಂಟನಿಗೇನು ಗೊತ್ತು? ಮರ್ಯಾದೆ ಮಾಡುತ್ತಿದ್ದಾರೆಂದು ಐದೂ ಬೆರಳು ಹಿಡಿದು ಕುಲುಕಿದ.

"ಐದು! ಮುಗೀತು ವ್ಯಾಪಾರ" ಅಂದರು ಮಾವ.

ಮೇ ೨೨

ಫ್ಯಾಕ್ಸ್ ಬಂತು. ಐದು ಕೋಟಿ. ಇವರ ಲೆಕ್ಕದಲ್ಲಿ ಐದು ಲಕ್ಷ! ಇವರಿಗೆ ಬೆವರು. ಮಾವ ಫೋನ್ ಕಸಿದುಕೊಂಡರು: "ಟವೆಲ್ ಕೆಳಗ ಆದ ಮಾತು ಲಕ್ಷದ್ದು. ತಪ್ಪಿದ್ರ ನಿನ್ನ ಪೇಟಿಯೊಳಗ ಕಾಲಿಡಾಕ ಬಿಡೂದಿಲ್ಲ!"

"ಆತ್ರಿ ಅಜ್ಜಾರ" ಅಂದನಂತೆ.

ಕೋಟಿ ಲಕ್ಷಕ್ಕೆ ಇಳಿಯಲು ಚಹಾ ಆರುವಷ್ಟು ಹೊತ್ತೂ ಹಿಡಿಯಲಿಲ್ಲ. ಗೆದ್ದೆವೆಂದು ಅಪ್ಪ-ಮಗ ಪೇಢೆ ಹಂಚಿದರು. ನನಗೆ ಭಯ. ಐದು ಲಕ್ಷಕ್ಕಾಗಿ ಬ್ಯಾಂಕಿಗೆ ಒತ್ತೆ ಇಡುವುದು ಮೋಟೆಬೆನ್ನೂರಿನ ನಾಲ್ಕು ಎಕರೆ. ಅವ್ವ ನನ್ನ ಹೆಸರಿಗೆ ಬರೆದ ಹೊಲ. ಸಹಿ ನನ್ನದೇ ಬೇಕು. ಮಾಡುವುದಿಲ್ಲ ಅಂದೆ.

ಜೂನ್ ೯

ಹದಿನೆಂಟು ದಿನ ಮಾತಿಲ್ಲ. ಇವತ್ತು ಅಡುಗೆಮನೆ ಹೊಸ್ತಿಲಲ್ಲಿ ಬಂದು ಕುಳಿತರು.

"ಇಪ್ಪತ್ತು ವರ್ಷ ಮಂದಿ ಹೆಸರಿನ ಪ್ಯಾಕೆಟ್ ಮಾರೀನಿ. ಒಮ್ಮೆರ ನನ್ನ ಹೆಸರು ಮಂದಿ ನೋಡ್ಲಿ, ನಿರ್ಮಲಾ."

ಪಾಪ, ನಿಜವೇ. ಆದರೂ ಹೊಲ ಹೊಲವೇ.

"ಎತ್ತು ಕೊಳ್ಳೂ ಮುಂದ ಹೂಡಿ, ನಡಿಸಿ ನೋಡ್ತೀರಲ್ರಿ? ಕಾರು ತರಸ್ರಿ. ನೀವ ಕುಂತು ನಡಸ್ರಿ. ಆಮ್ಯಾಲೆ ಸಹಿ."

ಮಾವ ತಲೆಯಾಡಿಸಿದರು. ಪೇಟೆಯ ನ್ಯಾಯ ಅಂದಮೇಲೆ ಅವರೇ ಏಜೆಂಟನಿಗೆ ಫೋನ್ ಹಚ್ಚಿದರು.

ಜೂನ್ ೧೧, ಮಧ್ಯಾಹ್ನ ೧

ಬಂದೇಬಿಟ್ಟಿತು! ಲಾರಿಯ ಮೇಲೆ, ತಾಡಪತ್ರಿ ಹೊದ್ದುಕೊಂಡು. ಬ್ಯಾಡಗಿ ಮೆಣಸಿನಕಾಯಿಗಿಂತ ಕೆಂಪು. ಬೀದಿ ತುಂಬ ಜನ. ಇವರು ತೆಂಗಿನಕಾಯಿ ಒಡೆದು, ಹೊಟ್ಟೆ ಒಳಗೆಳೆದುಕೊಂಡು ಕಾರಿನೊಳಗೆ ಇಳಿದರು. ಅರ್ಧ ಇಳಿಯುವಷ್ಟರಲ್ಲಿ ಜಾಗ ಮುಗಿಯಿತು. ಇಬ್ಬರು ಹೆಗಲು ಒತ್ತಿದರು.

ಏಜೆಂಟ್ ಬ್ಯಾಂಕಿನ ಕಾಗದವನ್ನೂ ಹೊಳೆಯುವ ಪೆನ್ನೊಂದನ್ನೂ ನನ್ನ ಕೈಗೆ ಹಿಡಿಸಿದ. ಕೊಟ್ಟ ಮಾತು ನನ್ನದೇ ಅಲ್ಲವೇ... ಕನ್ನಡಕ ತರುತ್ತೇನೆಂದು ಒಳಗೆ ಬಂದು ಅದೇ ಪೆನ್ನಿನಲ್ಲಿ ಇದನ್ನು ಬರೆಯುತ್ತಿದ್ದೇನೆ. ಕಿಟಕಿಯಿಂದ ಎಲ್ಲ ಕಾಣುತ್ತದೆ. ಇವರು ಕಾಲಲ್ಲಿ ಏನೋ ತಡಕಾಡುತ್ತಿರುವಂತಿದೆ. ಮುಖ ಸಣ್ಣದಾಯಿತು.

"ನಿರ್ಮಲಾ! ಸಹಿ ಮಾಡಬ್ಯಾಡ! ಕಾಲಿಗೆ ಬ್ರೇಕು, ಕ್ಲಚ್ಚು ಏನೂ ಸಿಗವಲ್ದು. ಒಳಗ ಬರೇ ಪ್ಲೈವುಡ್ಡು!"

ಅಬ್ಬಾ. ಹೊಲ ಉಳಿಯಿತು. ಸಹಿ ಬೇಡವೆಂದು ಅವರೇ ಹೇಳಿದರಲ್ಲ, ಅದು ಇನ್ನೂ ದೊಡ್ಡದು. ಕಣ್ಣು ತುಂಬಿತು.

ಮಾವ ಏಜೆಂಟನ ಟೈ ಹಿಡಿದಿದ್ದಾರೆ. ಕಾರಿನೊಳಗೆ ಸಿಕ್ಕಿಕೊಂಡ ಇವರನ್ನು ನಾಲ್ವರು ಎಳೆಯುತ್ತಿದ್ದಾರೆ, ಬರುತ್ತಿಲ್ಲ. "ಎಣ್ಣಿ ತಗೊಂಡು ಲಗೂ ಬಾ!" ಇವರು ಕೂಗುತ್ತಿದ್ದಾರೆ. ಹದಿನೆಂಟು ದಿನ ಮಾತು ಬಿಟ್ಟವರು — ಸ್ವಲ್ಪ ಹೊತ್ತು ಕುಳಿತಿರಲಿ. ಎಣ್ಣೆಯ ಡಬ್ಬಿ ಇಲ್ಲೇ, ನನ್ನ ಮೊಣಕೈ ಪಕ್ಕದಲ್ಲೇ ಇದೆ.