ಗ್ಯಾಸಿನ ಕೋಣಿ ಬಾಗಿಲಿನ ಬೆಂಕಿ

ನಮ್ಮ ಮನಿಯವರಿಗೆ, ಗೌರಿಯ ಅಪ್ಪಗ,

ಶರಣ್ರೀ. ನೀವು ಹೋದ ಮ್ಯಾಲ ನಿಮ್ಮ ಮ್ಯಾಲ ಒಂದು ಅಪವಾದ ಉಳೀತಲ್ಲ, ಅದರ ಸುದ್ದಿ ಹೇಳಬೇಕು.

ರಾಯಚೂರಿನ ಎಣ್ಣಿ ಫ್ಯಾಕ್ಟರಿಗೆ ಹೊಸ ಮಷೀನ್ ಬಂದ ದಿನ ಉಣ್ಣೂದು ಮರತು ಹೇಳಿದ್ರಿ: "ನೀರಿಗೆ ಕರೆಂಟ್ ಕೊಟ್ಟು ಒಡದ್ರ ಗ್ಯಾಸ್ ಬರ್ತದ, ಆ ಗ್ಯಾಸ್ ಸೇರಿದ್ರ ಎಣ್ಣಿ ಗಟ್ಟಿಯಾಗಿ ವನಸ್ಪತಿ ಆಗ್ತದ. ಇದು ಭಾರಿ ಪ್ರೆಷರಿನ ಮಷೀನ್. ಕರೆಂಟ್ ಕಡಿಮಿ, ಗ್ಯಾಸ್ ಜಾಸ್ತಿ." "ಹೊಳಿ ತಾಯಿ ಕೃಷ್ಣಮ್ಮನ್ನ ಒಡೀತೀರೇನ್ರೀ, ಪಾಪ ಬರೂದಿಲ್ಲ?" ಅಂದೆ. "ಬಂದ್ರ ಅರ್ಧ ನಿನಗ. ಅದರಾಗ ಕರದ ಪೂರಿ ತಿನ್ನಾಕಿ ನೀನೇ" ಅಂತ ನಕ್ಕಿದ್ರಿ.

ಆ ಕೆಲಸ ಸಿಕ್ಕಾಗ ದೇವದುರ್ಗದಾಗ ನಿಮ್ಮ ಅವ್ವನ ತಲಿ ಮುಟ್ಟಿ ಆಣಿ ಮಾಡಿದ್ರಿ, ಇನ್ನ ಬೀಡಿ ಮುಟ್ಟೂದಿಲ್ಲ ಅಂತ. ಆ ಗ್ಯಾಸಿಗೆ ಒಂದು ಕಿಡಿ ಸಾಕಂತಲ್ಲ. ಶುಕ್ರವಾರದ ಮಷೀನ್ ಪೂಜಿನೂ ಹೊರಗ ಬೇವಿನ ಗಿಡದ ಬುಡಕ ಮಾಡಿಸ್ತಿದ್ರಿ. "ದೇವರನ್ನ ಹೊರಗ ನಿಲ್ಲಿಸಿದ ಪುಣ್ಯಾತ್ಮ" ಅಂತ ಮಂದಿ ಚಾಷ್ಟಿ ಮಾಡಿದ್ರೂ ಕೇಳಲಿಲ್ಲ.

ಟೆಸ್ಟಿಂಗಿನ ಶುಕ್ರವಾರ ಪ್ರೆಷರ್ ಏರಿಸಿ, ಪೈಪಿನ ಜಾಯಿಂಟಿಗೆ ಸಾಬೂನಿನ ನೊರಿ ಹಚ್ಚಿ, ಎಲ್ಲಿ ಗುಳ್ಳಿ ಏಳ್ತದೋ ನೋಡಾಕ ಗ್ಯಾಸಿನ ಕೋಣಿ ಒಳಗ ಹೋದ್ರಿ. ಆಮ್ಯಾಲ ಗ್ಯಾಸಿಗೆ ಬೆಂಕಿ ಹತ್ತಿತು, ನೀವು ಹೊರಗ ಬರಲಿಲ್ಲ. ಒಳಗಿದ್ದವ್ರು ನೀವೊಬ್ರೇ, ಬೀಡಿ ಹಚ್ಚಿರಬೇಕು ಅಂದ್ರು. ನಿಮ್ಮ ಅವ್ವನೂ ಅದನ್ನೇ ನಂಬಿದಳು. "ನನ್ನ ತಲಿ ಮ್ಯಾಲಿನ ಆಣಿ ಮುರದು ಹೋದ" ಅಂತ ನಿಮ್ಮ ಮಾತೇ ಎತ್ತಗೊಡಲಿಲ್ಲ. ನಾ ಏನಂತ ಜಗಳಾಡ್ಲಿ? ನಾ ಅಲ್ಲಿ ಇದ್ದೆನೇನು?

ಹೋದ ವಾರ ಮಾನ್ವಿಯಿಂದ ಹನುಮಂತಪ್ಪ ಬಂದ, ನಿಮ್ಮ ಜೋಡಿ ದುಡೀತಿದ್ದಾಂವ. ನಿಮ್ಮನ್ನ ಎಳಿಯಾಕ ಹೋಗಿ ಅವನ ಕೈ ಸುಟ್ಟವು ಅಂತ ನಾವೆಲ್ಲಾ ತಿಳಿದಿದ್ವಿ. ಕೊಟ್ಟ ನೀರು ಮುಟ್ಟಲಿಲ್ಲ. "ಯಕ್ಕಾ, ಬೀಡಿ ಅಲ್ಲ. ಮಷೀನ್ ಪಾಸಾಗ್ಲಿ ಅಂತ ನಾನೇ ಕರ್ಪೂರದಾರತಿ ಹಿಡಕೊಂಡು ಬಾಗಿಲಿಗಿ ಹೋದೆ. ಅಣ್ಣ ಒಳಗಿಂದ 'ಬ್ಯಾಡಲೇ' ಅಂದ, ಅಷ್ಟರಾಗ ಹೊತ್ತಿಬಿಡ್ತು. ನನ್ನ ಕೈ ಸುಟ್ಟಿದ್ದೂ ಆಗ್ಲೇ" ಅಂದ.

ಇಷ್ಟು ವರ್ಷ ನಿಮ್ಮ ಸಲುವಾಗಿ ನಾ ದೇವರಿಗೆ ಬೆಳಗಿದ್ದೂ ಅದೇ ಕರ್ಪೂರ ಅಲ್ರೀ... ಸಿಟ್ಟು ಬಂತೋ, ಅಳು ಬಂತೋ, ತಿಳೀಲಿಲ್ಲ. "ಈ ಮಾತು ನನಗಲ್ಲಪ್ಪಾ, ನಮ್ಮ ಅತ್ತಿ ಮುಂದ ಹೇಳು, ನಡಿ" ಅಂತ ದೇವದುರ್ಗದ ಬಸ್ಸು ಹತ್ತಿಸಿದೆ.

ಅತ್ತಿ ಗ್ವಾಡಿಗೆ ಆತು ಕುಂತು ಎಲ್ಲಾ ಕೇಳಿದಳು. "ಹಂಗಾರ ನನ್ನ ಮಗ ಆಣಿ ಮುರೀಲಿಲ್ಲ?"

"ಇಲ್ಲ, ಯವ್ವಾ" ಅಂದ ಹನುಮಂತಪ್ಪ.

ಇನ್ನ ಅವನ ಹೆಣ ಬೀಳ್ತದ ಅಂದಕೊಂಡೆ. ಆಕಿಗಿ ಈಗ ಕಣ್ಣು ಕಾಣೂದಿಲ್ಲ. ತಡವಿ ತಡವಿ ಅವನ ಕೈ ಹಿಡದು, ಸುಟ್ಟ ಚರ್ಮದ ಮ್ಯಾಲ ಬಟ್ಟು ಆಡಿಸಿದಳು. "ಭಾಳ ಉರೀತೇನಪ್ಪಾ?" ಅಂದಳು.

ಆಕಿ ಕೇಳಿದ್ದು ಅವನ್ನಷ್ಟೇ ಅಲ್ಲ ಅನಸ್ತದ. ಇಷ್ಟು ವರ್ಷಕ್ಕ ನಿಮ್ಮನ್ನ ಮಾತಾಡಿಸಿದಳ್ರೀ, ನಿಮ್ಮ ಅವ್ವ.